ತೇರಿನ ವಿಡಿಯೋ ತಡೆಯಿಲ್ಲದೆ ಓಡಿದ್ದು ಹೀಗೆ

ಗದಗಿನ ತೋಂಟದಾರ್ಯ ಜಾತ್ರೆಯ ತೇರನ್ನು ಮೊಬೈಲ್‌ನಲ್ಲಿ 4ಕೆಯಲ್ಲಿ ತೆಗೆದಿದ್ದೆ. ಮನೆಯ ಕಂಪ್ಯೂಟರ್‌ನಲ್ಲಿ 8 ಜಿಬಿ ರ‍್ಯಾಮ್ ಅಷ್ಟೇ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಡಿಟ್ ಮಾಡಲು ಕೂತರೆ, ಜನ ತೇರಿಗೆ ಎಸೆದ ಉತ್ತತ್ತಿ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಡೊಳ್ಳಿನ ಸದ್ದು ಮಾತ್ರ ಮುಂದೆ ಓಡುತ್ತಿತ್ತು.

ಮೊದಲು ಸಾಫ್ಟ್‌ವೇರ್ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಫೈಲೇ ಭಾರ. 4ಕೆ ಅಂದರೆ 3840×2160 ಚುಕ್ಕೆ, ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಮೊಬೈಲ್ ಅದನ್ನು ಎಚ್.265 ಅನ್ನೋ ವಿಧಾನದಲ್ಲಿ ಒತ್ತಿ ಚಿಕ್ಕದು ಮಾಡಿ ಇಟ್ಟಿತ್ತು. ಬಿಡಿಸಿ ತೋರಿಸಲು ಪ್ರೊಸೆಸರ್‌ಗೆ ಜಾಸ್ತಿ ಕೆಲಸ, ಅಲ್ವಾ?

ಕೊನೆಗೆ ಕೆಡೆನ್‌ಲೈವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ, ವಾಟರ್‌ಮಾರ್ಕ್ ಬೀಳುವುದಿಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಆನ್ ಮಾಡಿದೆ. ಆಗ ಅದು ಪ್ರತಿ ಕ್ಲಿಪ್ಪಿಗೂ ಒಂದು ಹಗುರ ನಕಲು ಮಾಡಿಕೊಳ್ಳುತ್ತದೆ. ಕತ್ತರಿಸುವುದು, ಜೋಡಿಸುವುದು ಎಲ್ಲ ನಕಲಿನ ಮೇಲೆ. ರೆಂಡರ್ ಮಾಡುವಾಗ, ಅಂದರೆ ಕೊನೆಗೆ ಪೂರ್ತಿ ವಿಡಿಯೋ ಹೊರತೆಗೆಯುವಾಗ, ಮೂಲ ಫೈಲನ್ನೇ ತೆಗೆದುಕೊಳ್ಳುತ್ತದೆ, ಹಾಗಾಗಿ ಪ್ರಾಕ್ಸಿಯಿಂದ ಚಿತ್ರ ಮಸುಕಾಗುವುದಿಲ್ಲ. ಹಳೇ ಕಂಪ್ಯೂಟರ್ ಇರುವವರು ಮೊದಲು ನೋಡಬೇಕಾದ್ದು ಇದನ್ನೇ. ಎಫೆಕ್ಟುಗಳ ಮಾತು ಆಮೇಲೆ. ಶಾಟ್‌ಕಟ್ ಅನ್ನೋ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೂ ಪ್ರಾಕ್ಸಿ ಇದೆ.

ನಕಲು ತಯಾರಾಗಲು ಹೊತ್ತು ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಅವ್ವನನ್ನು ಕೂರಿಸಿಕೊಂಡು ಪ್ಲೇ ಒತ್ತಿದೆ. ಉತ್ತತ್ತಿ ಹಾರಿ ಸೀದಾ ಕಳಸದ ಹತ್ತಿರ ಹೋಯ್ತು. ಅವ್ವ ಕೂತಲ್ಲೇ ಕೈ ಮುಗಿದಳು.