ಒಂದು ಹಳೇ ಐ3 ಇಟ್ಕೊಂಡು 140 ಸಿಸ್ಟಮ್‌ಗೆ ಓಎಸ್ ಹಾಕಿದ ನನ್ನ ಅನುಭವ

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಶುರು ಮಾಡಿದ್ದು. ಸಂಜೆ ಏಳರ ಹೊತ್ತಿಗೆ ನಮ್ಮ ಕಾಲೇಜಿನ ನಾಲ್ಕೂ ಲ್ಯಾಬ್ ಮುಗಿದಿತ್ತು. 140 ಚಿಲ್ಲರೆ ಸಿಸ್ಟಮ್. ಒಂದು ಸಿಸ್ಟಮ್ ತಯಾರು ಮಾಡಿ, ಅದರ ಡಿಸ್ಕಿನ ಪೂರ್ತಿ ನಕಲನ್ನು (ಇಮೇಜ್) ಹಳೇ ಐ3 ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ ಉಳಿದವಕ್ಕೆಲ್ಲ ಒಟ್ಟಿಗೇ ಇಳಿಸುವುದು, ಅಂದರೆ ಕ್ಲೋನಿಂಗ್. ನಾನೊಬ್ಬ, ಬಾಗಿಲು ತೆಗೆಯಲು ಒಬ್ಬ ಅಟೆಂಡರ್, ಅಷ್ಟೇ ಜನ. "ಅದೆಲ್ಲ ದೊಡ್ಡ ಕಂಪನಿಯವರ ಆಟ, ನಮ್ಮಲ್ಲಿ ಆಗಲ್ಲ ಬಿಡ್ರಿ" ಅಂತ ಎರಡು ವರ್ಷ ಹೇಳಿದವರೇ ಸೋಮವಾರ ಬಂದು ಒಂದೊಂದೇ ಮೌಸ್ ಅಲ್ಲಾಡಿಸಿ ನೋಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಈ ಕೆಲಸವನ್ನು ಹೊರಗಿನವರಿಗೆ ಕೊಡುತ್ತಿದ್ದೆವು. ಸಿಸ್ಟಮ್‌ಗೆ ಸುಮಾರು 250 ರೂಪಾಯಿ, ವರ್ಷಕ್ಕೆ ಎರಡು ಸಲ, ಹತ್ತಿರ ಹತ್ತಿರ 70 ಸಾವಿರ. ಮೂರು ಹುಡುಗರು ಆರೇಳು ಪೆನ್‌ಡ್ರೈವ್ ಹಿಡ್ಕೊಂಡು ಐದು ದಿನ ಓಡಾಡುತ್ತಿದ್ದರು. ಇಷ್ಟಾದರೂ ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಒಂದರಲ್ಲಿ ಪೈಥಾನ್ ಇಲ್ಲ, ಇನ್ನೊಂದರಲ್ಲಿ ಜಾವಾ ಪಾತ್ ಇಲ್ಲ. ಬೈಸಿಕೊಳ್ಳುವುದು ಮಾತ್ರ ನಾನು.

ನನ್ನ ಖರ್ಚು ಕೇಳಿ. ಸ್ಟೋರ್ ರೂಮಿನಲ್ಲಿ ಬಿದ್ದಿದ್ದ ನಾಲ್ಕನೇ ಜನರೇಷನ್ ಐ3, ಅದಕ್ಕೊಂದು 480 ಜಿಬಿ ಎಸ್‌ಎಸ್‌ಡಿ, ಮೂರು ಸಾವಿರದೊಳಗೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಎರಡು ಸೆಕೆಂಡ್ ಹ್ಯಾಂಡ್ ಗಿಗಾಬಿಟ್ ಸ್ವಿಚ್, ಒಂಬತ್ತು ಸಾವಿರ. ಕೇಬಲ್ಲು, ಕನೆಕ್ಟರು, ಬಸ್ ಚಾರ್ಜು ಸೇರಿಸಿದರೂ 15 ಸಾವಿರ ದಾಟಿಲ್ಲ. ಕ್ಲೋನಿಂಗ್ ಮಾಡುವ ತಂತ್ರಾಂಶ ಫಾಗ್ ಹೇಗೂ ಪುಕ್ಕಟೆ.

ಈಗ ಎಡವಟ್ಟುಗಳು. ಮೊದಲನೇ ಸಲ ಫಾಗ್ ಇನ್‌ಸ್ಟಾಲ್ ಮಾಡುವಾಗ ಡಿಎಚ್‌ಸಿಪಿ (ಸಿಸ್ಟಮ್‌ಗಳಿಗೆ ಐಪಿ ಅಡ್ರೆಸ್ ಹಂಚುವ ಸೇವೆ) ಬೇಕಾ ಅಂತ ಕೇಳಿತು, ಧಾರಾಳವಾಗಿ ಹೂಂ ಅಂದೆ. ಅರ್ಧ ಗಂಟೆಯಲ್ಲಿ ಇಡೀ ಕ್ಯಾಂಪಸ್ಸಿನ ಅರ್ಧ ಸಿಸ್ಟಮ್‌ಗಳು ನನ್ನ ಐ3ಯಿಂದ ಐಪಿ ತಗೊಂಡು ಇಂಟರ್‌ನೆಟ್ ಇಲ್ಲದೆ ಕೂತವು. ಅಂದು ಫೀಸ್ ಕಟ್ಟುವ ಕೊನೇ ದಿನ! ಆಮೇಲೆ ಡಿಎನ್‌ಎಸ್‌ಮಾಸ್ಕ್ ಅನ್ನುವ ತಂತ್ರಾಂಶ ಹಾಕಿ ಪ್ರಾಕ್ಸಿ ಡಿಎಚ್‌ಸಿಪಿ ಮಾಡಿಕೊಂಡೆ, ಅಂದರೆ ಐಪಿ ರೂಟರೇ ಕೊಡುತ್ತೆ, ನನ್ನ ಐ3 ಬೂಟ್ ದಾರಿ ಮಾತ್ರ ತೋರಿಸುತ್ತೆ. ಬೂಟ್ ಏನೋ ಆಯಿತು. ಆ ಧೈರ್ಯದಲ್ಲಿ 30 ಸಿಸ್ಟಮ್‌ಗೆ ಒಟ್ಟಿಗೇ ಮಲ್ಟಿಕಾಸ್ಟ್ (ಒಂದೇ ಸಲ ಕಳಿಸಿದ್ದನ್ನು ಎಲ್ಲವೂ ಹಿಡಿದುಕೊಳ್ಳುವುದು) ಬಿಟ್ಟೆ. ನಮ್ಮಲ್ಲಿರುವುದು ಸಾದಾ ಸ್ವಿಚ್, ಐಜಿಎಂಪಿ ಸ್ನೂಪಿಂಗ್, ಅಂದರೆ ಮಲ್ಟಿಕಾಸ್ಟನ್ನು ಕೇಳಿದ ಪೋರ್ಟಿಗೆ ಮಾತ್ರ ಕಳಿಸುವ ಬುದ್ಧಿ, ಅದಕ್ಕೆ ಗೊತ್ತಿಲ್ಲ. ಬಂದ ಮಲ್ಟಿಕಾಸ್ಟನ್ನು ಎಲ್ಲ ಪೋರ್ಟಿಗೂ ಸುರಿಯಿತು. ವೈಫೈ ಆಕ್ಸೆಸ್ ಪಾಯಿಂಟ್‌ಗಳು ಅದನ್ನು ತಮ್ಮ ಅತಿ ಕಡಿಮೆ ವೇಗದಲ್ಲಿ ಗಾಳಿಗೆ ಬಿಡಲು ಹೋಗಿ ಏದುಸಿರು ಬಿಟ್ಟವು. ಪ್ರಿನ್ಸಿಪಾಲರ ಆನ್‌ಲೈನ್ ಮೀಟಿಂಗ್ ಅರ್ಧಕ್ಕೇ ನಿಂತಿತು. ಮುಂದಿನ ಎಂಟು ತಿಂಗಳು ನಾನು ಫಾಗ್ ಹೆಸರು ಎತ್ತಲಿಲ್ಲ.

ಆ ಬುದ್ಧಿ ಇರುವ ಮ್ಯಾನೇಜ್ಡ್ ಸ್ವಿಚ್‌ಗೆ ಕೊಟೇಶನ್ ತರಿಸಿದೆ. 50 ಸಾವಿರದ ಮೇಲೆ. ನೋಡಿದ ತಕ್ಷಣ ಫೈಲು ವಾಪಸ್ ಬಂತು. ಕೊನೆಗೆ ನಾನು ಮಾಡಿದ್ದು ನಗು ಬರುವಂಥ ಕೆಲಸ. ಕ್ಲೋನಿಂಗ್ ದಿನ ಲ್ಯಾಬನ್ನು ಕ್ಯಾಂಪಸ್ ನೆಟ್‌ವರ್ಕಿಗೆ ಸೇರಿಸುವ ಅಪ್‌ಲಿಂಕ್ ಕೇಬಲ್ ಕಿತ್ತು ಜೇಬಿಗೆ ಹಾಕ್ಕೊಳ್ಳುವುದು. ಲ್ಯಾಬ್, ಸ್ವಿಚ್, ನನ್ನ ಐ3, ಬೇರೆ ಯಾರಿಗೂ ಒಳಗೆ ಪ್ರವೇಶ ಇಲ್ಲ. ಡಿಎಚ್‌ಸಿಪಿ ಜಗಳವೂ ಇಲ್ಲ, ಪ್ರಾಕ್ಸಿಯೂ ಬೇಡ.

ಆದರೂ ಮೊದಲ ಲ್ಯಾಬ್ ಮುಕ್ಕಾಲು ಗಂಟೆ ತಗೊಂಡಿತು. ಇಮೇಜು ಕಂಪ್ರೆಸ್ ಆದಮೇಲೆ 19 ಜಿಬಿ ಆಸುಪಾಸು, ಅಷ್ಟು ಹೊತ್ತು ಯಾಕೆ? ಕೆಳಗೆ ಬಗ್ಗಿ ಒಂದೊಂದೇ ಲ್ಯಾನ್ ಪೋರ್ಟಿನ ದೀಪ ನೋಡುತ್ತಾ ಹೋದೆ. ಇಪ್ಪತ್ತೊಂಬತ್ತು ಕಡೆ ಹಸಿರು, ಕಿಟಕಿ ಪಕ್ಕದ ಒಂದರಲ್ಲಿ ಮಾತ್ರ ಕಿತ್ತಳೆ. ಕೇಬಲನ್ನು ಇಲಿ ಕಚ್ಚಿತ್ತು. ಒಂದು ಜೋಡಿ ತಂತಿ ತುಂಡಾಗಿ 100 ಎಂಬಿಪಿಎಸ್‌ಗೆ ಇಳಿದಿತ್ತು. ಮಲ್ಟಿಕಾಸ್ಟ್‌ನಲ್ಲಿ ಎಲ್ಲರೂ ನಿಧಾನದವನಿಗಾಗಿ ಕಾಯಬೇಕಲ್ವಾ. ಆ ಒಂದು ಕೇಬಲ್ ಬದಲಾಯಿಸಿದ ಮೇಲೆ 30 ಸಿಸ್ಟಮ್ ಹದಿನೈದು ನಿಮಿಷದೊಳಗೆ. ಈಗ ಶುರು ಮಾಡುವ ಮುಂಚೆ ಟಾರ್ಚ್ ಹಿಡಿದು ದೀಪ ನೋಡುವುದೇ ನನ್ನ ಮೊದಲ ಕೆಲಸ.

ವಿಂಡೋಸ್ 11 ಇಮೇಜಿನಲ್ಲಿ ಸಿಸ್‌ಪ್ರೆಪ್ (ವಿಂಡೋಸನ್ನು ನಕಲಿಗೆ ಸಿದ್ಧ ಮಾಡುವ ಟೂಲ್) ನಾಲ್ಕು ಸಲ ಕೈಕೊಟ್ಟಿತು. ಯಾವುದೋ ಸ್ಟೋರ್ ಆ್ಯಪ್ ಒಬ್ಬ ಯೂಸರ್‌ಗೆ ಮಾತ್ರ ಅಪ್‌ಡೇಟ್ ಆಗಿದೆ ಅಂತ ತಕರಾರು. ಇಮೇಜ್ ತಯಾರಿಸುವ ಮೆಷಿನ್‌ಗೆ ನೆಟ್ಟೇ ಕೊಡಬೇಡಿ, ಯೂಸರ್ ಅಕೌಂಟ್ ಮಾಡುವ ಮುಂಚಿನ ಆಡಿಟ್ ಮೋಡಿನಲ್ಲೇ ಎಲ್ಲ ಮುಗಿಸಿ. ವಿಂಡೋಸನ್ನು ಪೂರ್ತಿ ಶಟ್‌ಡೌನ್ ಆಗಲು ಬಿಡದ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಲು ಮರೆತರೆ, ಫಾಗ್ ಒಳಗೆ ನಕಲು ತೆಗೆಯುವ ಪಾರ್ಟ್‌ಕ್ಲೋನ್ ಆ ವಿಂಡೋಸ್ ಪಾರ್ಟಿಷನ್ (ಎನ್‌ಟಿಎಫ್‌ಎಸ್) ಮುಟ್ಟಲ್ಲ. ಬಯಾಸ್‌ನಲ್ಲಿ ಡಿಸ್ಕಿನ ಸೆಟ್ಟಿಂಗು ರೇಡ್ ಮೋಡ್ ಇದ್ದರೆ ಕೆಲವು ಸಲ ಡಿಸ್ಕೇ ಕಾಣಲ್ಲ, ಎಎಚ್‌ಸಿಐಗೆ ತನ್ನಿ. ಇವೆಲ್ಲ ನಿಮಗೂ ಗೊತ್ತಿರುತ್ತೆ, ಬಿಡಿ.

ಒಂದೇ ಸಿಸ್ಟಮ್‌ನಲ್ಲಿ ವಿಂಡೋಸ್, ಉಬುಂಟು ಎರಡೂ ಇಡುವ ಡ್ಯುಯಲ್ ಬೂಟ್‌ನದ್ದೇ ನಿಜವಾದ ತಲೆನೋವು. ಯಾವ ಓಎಸ್ ಎಬ್ಬಿಸಬೇಕು ಅಂತ ಹೇಳುವ ಯುಇಎಫ್‌ಐ ಬೂಟ್ ಎಂಟ್ರಿ ಇರುವುದು ಮದರ್‌ಬೋರ್ಡಿನಲ್ಲಿ, ಡಿಸ್ಕಿನಲ್ಲಿ ಅಲ್ಲ. ಇಮೇಜು ಸರಿಯಾಗಿ ಬಂದರೂ ಸಿಸ್ಟಮ್ ಸೀದಾ ವಿಂಡೋಸ್‌ಗೆ ಹೋಗುತ್ತೆ, ಉಬುಂಟು ಇದೆ ಅಂತಲೇ ಅದಕ್ಕೆ ಗೊತ್ತಿಲ್ಲ. ಇದಕ್ಕೊಂದು ಉಪಾಯ ಕಂಡುಕೊಂಡೆ, ಆರೇಳು ಸಾಲಿನ ಸ್ಕ್ರಿಪ್ಟು. ಎರಡು ವಾರ ನಿದ್ದೆಗೆಟ್ಟಿದ್ದೇನೆ ಸ್ವಾಮಿ, ಅದನ್ನು ಇಲ್ಲಿ ಸುಮ್ನೆ ಬರೆಯಲ್ಲ. ಇಮೇಜ್ ಇಳಿದ ಮೇಲೆ, ರೀಬೂಟ್ ಆಗುವ ಮುಂಚೆ ಒಂದು ಜಾಗ ಇದೆ, ಅಲ್ಲಿ ಹುಡುಕಿ ಅಂತ ಮಾತ್ರ ಹೇಳುತ್ತೇನೆ.

ನಾಲ್ಕನೇ ಲ್ಯಾಬಿನಲ್ಲಿರುವುದು ಆರನೇ ಜನರೇಷನ್ ಸಿಸ್ಟಮ್‌ಗಳು. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಲ್ಲ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು. ಹಾಗಾಗಿ ಅಲ್ಲಿ ಬರೀ ಉಬುಂಟು. ಈ ಲ್ಯಾಬಿನ ಹಿಂದಿನ ಪ್ರಯೋಗ ಇನ್ನೂ ಮರೆತಿಲ್ಲ. ಉಬುಂಟುವಿನ ಸರ್ವರ್ ಐಎಸ್‌ಒ (ಇನ್‌ಸ್ಟಾಲ್ ಫೈಲು) ಹಾಕಿ ಅದರ ಮೇಲೆ ಡೆಸ್ಕ್‌ಟಾಪ್ ಹೇರಿದ್ದೆ. ಕ್ಲೋನ್ ಮಾಡಿ ಅಪ್‌ಲಿಂಕ್ ಸಿಕ್ಕಿಸಿದರೆ 35 ಸಿಸ್ಟಮ್‌ಗೂ ಒಂದೇ ಐಪಿ! ಒಬ್ಬ ಹುಡುಗನ ನೆಟ್ ಬಂದರೆ ಇನ್ನೊಬ್ಬನದು ಹೋಗುತ್ತೆ. ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ಅಡ್ರೆಸ್ ಬೇರೆ ಬೇರೆ ಇದೆ, ಹೀಗ್ಯಾಕೆ ಅಂತ ಎರಡು ದಿನ ತಲೆ ಕೆರೆದುಕೊಂಡೆ. ಪ್ರತಿ ಸಿಸ್ಟಮ್‌ಗೂ ಬೇರೆಯಾಗಿರಬೇಕಾದ ಮೆಷಿನ್-ಐಡಿ ಫೈಲೂ ಕ್ಲೋನ್ ಆಗಿತ್ತು. ಉಬುಂಟು ಒಳಗಿನ ಸಿಸ್ಟಮ್‌ಡಿ ಡಿಎಚ್‌ಸಿಪಿಗೆ ತನ್ನ ಗುರುತು ಹೇಳುವುದು ಆ ಐಡಿಯಿಂದ, ರೂಟರ್ ಪಾಲಿಗೆ ಎಲ್ಲವೂ ಒಂದೇ ಸಿಸ್ಟಮ್. ಇಮೇಜ್ ಕ್ಯಾಪ್ಚರ್ ಮಾಡುವ ಮುಂಚೆ ಆ ಫೈಲನ್ನು ಖಾಲಿ ಮಾಡಿ. ಡಿಲೀಟ್ ಅಲ್ಲ, ಖಾಲಿ. ಮೊದಲ ಬೂಟ್‌ನಲ್ಲಿ ಹೊಸದು ಹುಟ್ಟುತ್ತೆ.

ನಡುವೆ ಒಂದೆರಡು ಹುಚ್ಚಾಟ ಕೂಡ ಮಾಡಿದೆ. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 3 ಅನ್ನೇ ಸರ್ವರ್ ಮಾಡಿದೆ. ಅದರ ಎತರ್‌ನೆಟ್ಟೇ 100 ಎಂಬಿಪಿಎಸ್, ಕಾಫಿ ಕುಡಿದು ಬರುವುದಿರಲಿ, ಊಟ ಮಾಡಿ ಬಂದರೂ ಮುಗಿದಿರಲಿಲ್ಲ. ಡಿಸ್ಕ್ ಸತ್ತ ಎಂಟು ಕೋರ್ 2 ಡ್ಯುಯೊಗಳನ್ನು ಎಲ್‌ಟಿಎಸ್‌ಪಿ (ಸರ್ವರ್‌ನಿಂದಲೇ ಓಎಸ್ ಬೂಟ್ ಮಾಡಿಸುವ ತಂತ್ರಾಂಶ) ಹಾಕಿ ಡಿಸ್ಕ್ ಇಲ್ಲದೇ ಎಬ್ಬಿಸಿದೆ. 4 ಜಿಬಿ ರ‍್ಯಾಮ್ ಇದ್ದವು ಓಡುತ್ತವೆ. 2 ಜಿಬಿಯವು ಬ್ರೌಸರ್ ತೆರೆದರೆ ಅಲ್ಲೇ ಕುಸಿಯುತ್ತವೆ. ಅವನ್ನು ಮೊದಲ ವರ್ಷದವರ ಸಿ ಪ್ರೋಗ್ರಾಮಿಂಗ್‌ಗೆ ಬಿಟ್ಟಿದ್ದೇನೆ. ಬ್ರೌಸರ್ ಇಲ್ಲದಿರುವುದೇ ಒಳ್ಳೆಯದು ಅಂತ ಮೇಡಂ ಖುಷಿಯಾಗಿದ್ದಾರೆ.

ಉಳಿದಿರುವುದು ಆಫೀಸಿನ ಆರು ಸಿಸ್ಟಮ್. ಅವಕ್ಕೂ ಮಾಡಿಬಿಡಿ ಅಂತ ಈಗ ಎಲ್ಲರೂ ಗಂಟುಬಿದ್ದಿದ್ದಾರೆ. ಹೋಗಿ ನೋಡಿದೆ. ನುಡಿಯಲ್ಲಿ ಟೈಪ್ ಮಾಡಿದ ಹದಿನೈದು ವರ್ಷದ ಫೈಲುಗಳು ಡೆಸ್ಕ್‌ಟಾಪ್ ಮೇಲೇ ಹರಡಿಕೊಂಡಿವೆ, ಬ್ಯಾಕಪ್ ಇಲ್ಲ. "ಹೊಸ ಫೋಲ್ಡರ್ 47" ಅಂತ ಒಂದಿತ್ತು. ಮೆಲ್ಲಗೆ ವಾಪಸ್ ಬಂದೆ.