ಪರಸಿ ಕಲ್ಲಿನ ಮೇಲೆ ಹುಣಸೆ ಬೀಜದ ಆಟ

ಏಪ್ರಿಲ್ ತಿಂಗಳು, ಸಿಂಧನೂರು. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆಗಿತ್ತು. ಅವ್ವ ಹುಣಸೆಹಣ್ಣು ಬಿಡಿಸುತ್ತಾ ಬೀಜದ ಗುಡ್ಡೆ ಹಾಕಿದ್ದಳು. ಗೇಮ್ ಆಫ್ ಲೈಫ್ ಅಂದರೆ ಚೌಕದ ಮನೆಗಳಲ್ಲಿ ನಿಯಮದ ಪ್ರಕಾರ ಜೀವ ಹುಟ್ಟಿ ಸಾಯುವ ಆಟ. ಅದನ್ನು ಕಟ್ಟಿದ ಗಣಿತಜ್ಞ ಕಾನ್ವೇ ಮತ್ತು ಸಂಗಡಿಗರು ಮೊದಲು ಗೋ ಎಂಬ ಚೌಕದ ಹಲಗೆಯಾಟದ ಹಲಗೆ ಮೇಲೆ ಕಾಯಿ ಇಟ್ಟೇ ಆಡಿದ್ದಲ್ವಾ? ನಾನೂ ಪರಸಿ ಕಲ್ಲಿನ ನೆಲದ ಮೇಲೆ ಚಾಕ್‌ಪೀಸಿನಲ್ಲಿ 20ಕ್ಕೆ 20 ಮನೆ ಬರೆದೆ.

ನಿಯಮ ಸುಲಭ. ಪ್ರತಿ ಮನೆಗೆ ಸುತ್ತ ಎಂಟು ನೆರೆಮನೆ. ಖಾಲಿ ಮನೆಯ ಸುತ್ತ ಸರಿಯಾಗಿ ಮೂರು ಬೀಜ ಇದ್ದರೆ ಅಲ್ಲೊಂದು ಹುಟ್ಟುತ್ತದೆ. ಇರುವ ಬೀಜಕ್ಕೆ ಎರಡೋ ಮೂರೋ ನೆರೆ ಇದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಸಾಯುತ್ತದೆ.

ಮೊದಲು ಬ್ಲಿಂಕರ್. ಸಾಲಾಗಿ ಮೂರು ಬೀಜ. ಒಮ್ಮೆ ಅಡ್ಡ, ಒಮ್ಮೆ ಉದ್ದ ಆಗಬೇಕು. ನಂದು ಆಗಲೇ ಇಲ್ಲ! ನಡುವಿನ ಬೀಜದ ಮೇಲ್ಮನೆಯಲ್ಲಿ ಹೊಸದೊಂದು ಇಟ್ಟೆ. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದರಿಂದ ಪಕ್ಕದ ಮನೆಗೂ ಮೂರು ನೆರೆ ಆಗಿ, ಅಲ್ಲೂ ಒಂದು ಹುಟ್ಟಿತು. ಎಲ್ಲ ಮನೆ ಒಟ್ಟಿಗೇ ಬದಲಾಗಬೇಕು, ನಾನು ಒಂದೊಂದಾಗಿ ಬದಲಾಯಿಸುತ್ತಿದ್ದೆ.

ಚೌಕಾಬಾರಕ್ಕೆ ಮಾಡುವ ಹಾಗೆ ಬೀಜದ ಒಂದು ಮೈಯನ್ನು ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಿದೆ. 50 ಉಜ್ಜುವಷ್ಟರಲ್ಲಿ ಬೆರಳು ಉರಿ. ಕಂದು ಮೇಲಿದ್ದರೆ ಜೀವಂತ. ಸಾಯುವುದನ್ನು ಬಿಳಿ ಮೇಲೆ ಬರುವಂತೆ ಮಗುಚಿಡುವುದು, ಆದರೆ ಎಣಿಸುವಾಗ ಅದನ್ನೂ ಸೇರಿಸುವುದು. ಹುಟ್ಟುವ ಕಡೆ ತೊಗರಿ ಬೇಳೆ, ಅದನ್ನು ಎಣಿಸಬಾರದು. ಸುತ್ತು ಮುಗಿದ ಮೇಲೆ ಬಿಳಿ ತೆಗೆದು, ಬೇಳೆ ಜಾಗಕ್ಕೆ ಬೀಜ. ಬ್ಲಿಂಕರ್ ಪಟಪಟ ತಿರುಗಿತು.

“ಯಾರ್ ಜೊತಿ ಆಡಕತ್ತಿ?” ಅಂದಳು ಅವ್ವ. ಆಡುವವರೇ ಬೇಡದ ಆಟ ಅಂತ ಹೇಗೆ ಹೇಳಲಿ!

ಒಂದು ಸುತ್ತು ಅಂದರೆ ಒಂದು ಹೆಜ್ಜೆ. ನಾಲ್ಕು ಬೀಜದ ಸಾಲು ಎರಡೇ ಹೆಜ್ಜೆಯಲ್ಲಿ ಜೇನುಗೂಡಿನ ಆಕಾರವಾಗಿ ಕಲ್ಲಿನಂತೆ ಕೂತಿತು. ಐದರದ್ದು ನಾಲ್ಕು ಬ್ಲಿಂಕರ್ ಆಯಿತು. ಆರರದ್ದು ಪೂರ್ತಿ ಸತ್ತೇಹೋಯಿತು. ಹತ್ತರದ್ದು ಪೆಂಟಡೆಕಾಥ್ಲಾನ್ ಆಗುತ್ತದೆ ಅಂತ ಗೊತ್ತಿತ್ತು: 15 ಹೆಜ್ಜೆಗೊಮ್ಮೆ ಅದೇ ರೂಪ. ಐದನೇ ಹೆಜ್ಜೆಯ ಚಿತ್ರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಹನ್ನೊಂದನೇ ಹೆಜ್ಜೆಯಲ್ಲಿ ಎಡಕ್ಕಿಲ್ಲದ ಬೀಜ ಬಲಕ್ಕೊಂದು ಬಂತು. ಶುರುವಿನ ಸಾಲು ಎರಡೂ ಕಡೆ ಒಂದೇ, ಹಾಗಾಗಿ ಪ್ರತಿ ಹೆಜ್ಜೆಯೂ ಹಾಗೇ ಇರಬೇಕು. ಎಣಿಕೆ ತಪ್ಪಿತ್ತು. ಸರಿಮಾಡಿ ಮುಂದುವರಿದೆ. ಇಪ್ಪತ್ತನೆಯದು ನೋಟ್‌ಬುಕ್ಕಿನ ಚಿತ್ರಕ್ಕೆ ತಾಳೆಯಾಯಿತು.

ಹೀಗೆ ಇಂತಿಷ್ಟು ಹೆಜ್ಜೆಗೊಮ್ಮೆ ಮೊದಲಿನ ರೂಪಕ್ಕೇ ಮರಳುವುದಕ್ಕೆ ಆಸಿಲೇಟರ್ ಅಂತಾರೆ. 2023ರಲ್ಲಿ 19 ಮತ್ತು 41 ಹೆಜ್ಜೆಯ ಆಸಿಲೇಟರ್‌ಗಳೂ ಸಿಕ್ಕು, ಈಗ ಎಷ್ಟು ಹೆಜ್ಜೆಯದ್ದು ಕೇಳಿದರೂ ಒಂದಿದೆ. ನನಗೆ ಮೂರು ಹೆಜ್ಜೆಯ ಪಲ್ಸರ್ ಸಾಕಿತ್ತು. ಅದು 48, 56, 72 ಬೀಜ ಆಗಿ ಉಬ್ಬುತ್ತದೆ. ಇನ್ನೂ 22 ಬೀಜ ಉಜ್ಜಬೇಕು. ಅಷ್ಟರಲ್ಲಿ ಅವ್ವ ಪೊರಕೆ ಹಿಡಿದು ಬಂದಳು.