ಕಾರು ಅಪಘಾತದಲ್ಲಿ ಕುತ್ತಿಗೆಗೆ ಪೆಟ್ಟಾದರೆ ಪರಿಹಾರ ಕೇಳುವುದು ಹೇಗೆ

ಹಿಂದಿನಿಂದ ಬಂದ ಗಾಡಿ ನಿಮ್ಮ ಕಾರಿಗೆ ಗುದ್ದಿದೆ. ಬಂಪರ್ ಸ್ವಲ್ಪ ಒಳಗೆ ಹೋಗಿದೆ, ಅಷ್ಟೇ. ನೀವು ಇಳಿದು ಬರುತ್ತೀರಿ. ಅವರು "ಏನಾದ್ರೂ ಆಯ್ತಾ?" ಅಂತ ಕೇಳುತ್ತಾರೆ. ನೀವು "ಏನೂ ಆಗಿಲ್ಲ, ಬಿಡಿ" ಅಂದುಬಿಡುತ್ತೀರಿ. ಆಮೇಲೆ ಪರಿಹಾರ ಕೇಳುವಾಗ ಎದುರು ಪಾರ್ಟಿ ಮೊದಲು ಎತ್ತಿ ತೋರಿಸುವುದು ಇದೇ ಮಾತನ್ನು. ಕುತ್ತಿಗೆಯ ನೋವು ಹೆಚ್ಚಿನವರಿಗೆ ಗುದ್ದಿದ ಕ್ಷಣಕ್ಕೆ ಪೂರ್ತಿ ಗೊತ್ತಾಗುವುದಿಲ್ಲ. ಮಾರನೇ ದಿನ ಬೆಳಿಗ್ಗೆ, ಕೆಲವರಿಗೆ ಎರಡು ಮೂರು ದಿನ ಬಿಟ್ಟು, ಕುತ್ತಿಗೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಸ್ಥಳದಲ್ಲಿ ಯಾರೇ ಕೇಳಿದರೂ "ಈಗಲೇ ಹೇಳಕ್ಕಾಗಲ್ಲ, ಡಾಕ್ಟರಿಗೆ ತೋರಿಸಿ ಹೇಳ್ತೀನಿ" ಅನ್ನಿ. ಇದು ನಾಟಕ ಏನಲ್ಲ, ಇರುವ ವಿಷಯವೇ.

ಒಳಗೆ ಆಗುವುದು ಇಷ್ಟು. ಹಿಂದಿನಿಂದ ಗುದ್ದಿದಾಗ ಸೀಟು ನಿಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಕುತ್ತಿಗೆಯ ಕೆಳಭಾಗ ಹಿಂದಕ್ಕೂ ಮೇಲ್ಭಾಗ ಮುಂದಕ್ಕೂ ಬಾಗುತ್ತದೆ. ಅಲ್ಲಿನ ಸ್ನಾಯು, ಮೂಳೆಗಳನ್ನು ಹಿಡಿದಿಟ್ಟಿರುವ ಪಟ್ಟಿಗಳು, ಹಿಂದಿನ ಸಣ್ಣ ಕೀಲುಗಳು, ಎಲ್ಲವೂ ಎಳೆಯಲ್ಪಡುತ್ತವೆ. ಇದಕ್ಕೆ ಡಾಕ್ಟರುಗಳು ವಿಪ್‌ಲ್ಯಾಶ್ ಅನ್ನುತ್ತಾರೆ. ತೊಂದರೆ ಏನು ಗೊತ್ತಾ? ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಇದು ಕಾಣುವುದಿಲ್ಲ. ಎಂಆರ್‌ಐನಲ್ಲೂ ಎಷ್ಟೋ ಸಲ ಏನೂ ಸಿಗುವುದಿಲ್ಲ. ತೋರಿಸಲು ಒಂದು ಫಿಲ್ಮ್ ಇಲ್ಲದ ನೋವಿಗೆ ದುಡ್ಡು ಕೇಳಬೇಕು ಅಂದರೆ, ಮೊದಲ ದಿನದಿಂದ ಸೇರಿಸಿಟ್ಟ ಕಾಗದಗಳೇ ಆಧಾರ. ಮುಂದೆ ಹೇಳುವುದೆಲ್ಲ ಆ ಕಾಗದಗಳನ್ನು ಹೇಗೆ ಮಾಡಿಟ್ಟುಕೊಳ್ಳುವುದು ಅನ್ನುವ ಬಗ್ಗೆಯೇ.

ಮೊದಲು ಡಾಕ್ಟರು

ಕೈಕಾಲು ಜೋಮು ಹಿಡಿದರೆ, ಕೈಯಲ್ಲಿ ಶಕ್ತಿ ಇಲ್ಲ ಅನ್ನಿಸಿದರೆ, ನಡೆಯುವಾಗ ತೂರಾಡಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ, ಕುತ್ತಿಗೆಯ ನಟ್ಟನಡುವಿನ ಮೂಳೆ ಮುಟ್ಟಿದರೇ ನೋವಾದರೆ, ವಾಂತಿ ಅಥವಾ ಗೊಂದಲ ಶುರುವಾದರೆ ಕ್ಲೇಮಿನ ಯೋಚನೆ ಬಿಡಿ. ಕುತ್ತಿಗೆ ಅಲ್ಲಾಡಿಸದೆ ಆಂಬ್ಯುಲೆನ್ಸ್ ಕರೆಯಿರಿ. 65 ದಾಟಿದವರು ನೋವು ಕಡಿಮೆ ಇದ್ದರೂ ಅವತ್ತೇ ತೋರಿಸಿಕೊಳ್ಳಬೇಕು.

ಇದ್ಯಾವುದೂ ಇಲ್ಲದಿದ್ದರೂ ಒಂದೆರಡು ದಿನದೊಳಗೆ ಡಾಕ್ಟರ ಹತ್ತಿರ ಹೋಗಿ. ಮೂರು ವಾರ ಬಾಮ್ ಹಚ್ಚಿಕೊಂಡು ಕಳೆದು ಆಮೇಲೆ ಹೋದರೆ "ಈ ನೋವು ನಡುವೆ ಬೇರೆ ಎಲ್ಲೋ ಆಗಿದ್ದು" ಅಂತ ವಿಮಾ ಕಂಪನಿ ಹೇಳುತ್ತದೆ. ಹೋದಾಗ ಬರೀ "ಕುತ್ತಿಗೆ ನೋವು" ಅನ್ನಬೇಡಿ. ಯಾವ ಕಡೆಯಿಂದ ಗುದ್ದಿತು, ಬೆಲ್ಟ್ ಹಾಕಿದ್ದಿರಾ, ಹೆಡ್‌ರೆಸ್ಟ್ ಎಷ್ಟು ಎತ್ತರದಲ್ಲಿತ್ತು, ಆ ಕ್ಷಣ ತಲೆ ನೇರವಾಗಿತ್ತಾ ಅಥವಾ ಪಕ್ಕಕ್ಕೆ ತಿರುಗಿತ್ತಾ, ಎಲ್ಲ ಹೇಳಿ. ಭುಜದ ನೋವು, ತಲೆನೋವು, ತಲೆಸುತ್ತು, ನಿದ್ದೆ ಬಾರದಿರುವುದು, ಇವನ್ನೂ ಮೊದಲ ದಿನವೇ ಹೇಳಿ. ಮೊದಲ ಚೀಟಿಯಲ್ಲಿ ಕುತ್ತಿಗೆ ಮಾತ್ರ ಇದ್ದು ತಿಂಗಳ ನಂತರ ಭುಜ ಸೇರಿಕೊಂಡರೆ ಪ್ರಶ್ನೆ ಬಂದೇ ಬರುತ್ತದೆ. ಚೀಟಿಯಲ್ಲಿ "ಕಾರು ಅಪಘಾತದ ನಂತರ" ಅನ್ನುವ ಮಾತು ಇದೆಯಾ ಅಂತ ಅಲ್ಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಬರೆಯಲು ಕೇಳಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನೊಂದು ಕೇಳಬೇಕಾದದ್ದು, ಪೆಟ್ಟಿನ ದರ್ಜೆ. ಕೆನಡಾದ ಕ್ವಿಬೆಕ್‌ನಲ್ಲಿ ತಜ್ಞರ ಒಂದು ತಂಡ 1995ರಲ್ಲಿ ವಿಪ್‌ಲ್ಯಾಶನ್ನು 0ಯಿಂದ 4ರವರೆಗೆ ವಿಂಗಡಿಸಿತು. ಈಗಲೂ ಅದೇ ಬಳಕೆಯಲ್ಲಿದೆ. 1 ಅಂದರೆ ನೋವು, ಬಿಗಿತ ಇದೆ, ಆದರೆ ಡಾಕ್ಟರ ಕೈಗೆ ಏನೂ ಸಿಗುವುದಿಲ್ಲ. 2 ಅಂದರೆ ಕುತ್ತಿಗೆ ತಿರುಗುವುದು ಕಡಿಮೆಯಾಗಿದೆ, ಒತ್ತಿದರೆ ನೋಯುವ ಜಾಗಗಳಿವೆ. 3ರಲ್ಲಿ ನರದ ಲಕ್ಷಣಗಳು ಸೇರುತ್ತವೆ. 4 ಅಂದರೆ ಮೂಳೆ ಮುರಿದಿದೆ ಅಥವಾ ಜಾರಿದೆ. 1 ಮತ್ತು 2ರ ನಡುವೆ ನೋವಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿರಬಹುದು. ಕ್ಲೇಮಿನಲ್ಲಿ ಮಾತ್ರ ಇದೆ, ಏಕೆಂದರೆ 2ರಲ್ಲಿ ನಿಮ್ಮ ಮಾತಿನ ಜೊತೆಗೆ ಇನ್ನೊಬ್ಬರು ಪರೀಕ್ಷಿಸಿ ಬರೆದದ್ದೂ ಇರುತ್ತದೆ. ತಲೆ ಎಡಕ್ಕೆಷ್ಟು, ಬಲಕ್ಕೆಷ್ಟು ಡಿಗ್ರಿ ತಿರುಗುತ್ತದೆ ಅಂತ ಪ್ರತಿ ಭೇಟಿಯಲ್ಲೂ ಅಳೆದು ಬರೆಸಿಕೊಳ್ಳಿ. ಫಿಸಿಯೋಥೆರಪಿಸ್ಟ್ ಇದನ್ನು ಚೆನ್ನಾಗಿ ಮಾಡಿಕೊಡುತ್ತಾರೆ.

ಕಾಲರ್, ಅಂದರೆ ಕುತ್ತಿಗೆಗೆ ಸುತ್ತುವ ಪಟ್ಟಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಾಲರ್ ಹಾಕಿಕೊಂಡರೆ ಕೇಸು ಗಟ್ಟಿಯಾಗುತ್ತೆ ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರ ಮಾತು ನಂಬಬೇಡಿ. 1, 2ನೇ ದರ್ಜೆಯ ಪೆಟ್ಟಿಗೆ ಈಗ ಡಾಕ್ಟರುಗಳು ಹೇಳುವುದು ಆದಷ್ಟು ಬೇಗ ಕುತ್ತಿಗೆಯನ್ನು ಮೆಲ್ಲಗೆ ಆಡಿಸಿ ಅಂತ. ತಿಂಗಳುಗಟ್ಟಲೆ ಕಾಲರ್ ಹಾಕಿದರೆ ಸ್ನಾಯು ಸೊರಗುತ್ತದೆ, ವಾಸಿಯಾಗುವುದೂ ತಡವಾಗುತ್ತದೆ. ಜೊತೆಗೆ, ನಷ್ಟವನ್ನು ಕಡಿಮೆ ಮಾಡಿಕೊಳ್ಳಲು ನೀವೂ ಪ್ರಯತ್ನ ಪಡಬೇಕು ಅನ್ನುವ ನಿಯಮ ಬಹಳ ದೇಶಗಳಲ್ಲಿದೆ. ಹೇಳಿದ ವ್ಯಾಯಾಮ ಮಾಡದೆ, ಫಿಸಿಯೋಗೆ ಹೋಗದೆ ಕೂತರೆ ಪರಿಹಾರದಲ್ಲಿ ಕಡಿತ ಆಗಬಹುದು.

ಸ್ಥಳದ ಸಾಕ್ಷಿ ಬೇಗ ಅಳಿಯುತ್ತದೆ

ಅಪಾಯ ಇಲ್ಲದಿದ್ದರೆ ಗಾಡಿ ಸರಿಸುವ ಮೊದಲೇ ಫೋಟೋ ತೆಗೆಯಿರಿ. ಎರಡೂ ನಂಬರ್ ಪ್ಲೇಟು, ಗಾಡಿ ನಿಂತ ಜಾಗ, ಟೈರಿನ ಗುರುತು, ಸಿಗ್ನಲ್, ಎದುರಿನವರ ವಿಮೆ ವಿವರ, ನೋಡಿದವರ ಫೋನ್ ನಂಬರು. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಬಹಳ ಜನ ಬಿಡುವುದು ಕಾರಿನ ಒಳಗಿನ ಫೋಟೋ. ಹಿಂದಕ್ಕೆ ಬಾಗಿದ ಸೀಟು, ಹೆಡ್‌ರೆಸ್ಟ್ ಇದ್ದ ಎತ್ತರ, ಸೀಟಿನಿಂದ ಹಾರಿಬಿದ್ದ ಸಾಮಾನು, ಇವೆಲ್ಲ ಒಳಗೆ ಕೂತವರಿಗೆ ಎಷ್ಟು ಜೋರಾಗಿ ತಗುಲಿತು ಅಂತ ಹೇಳುತ್ತವೆ. ಪೊಲೀಸರಿಗೆ ತಿಳಿಸಿ, ದೂರಿನ ಪ್ರತಿ ತೆಗೆದುಕೊಳ್ಳಿ. ಡ್ಯಾಶ್‌ಕ್ಯಾಮ್ ಇದ್ದರೆ ಅವತ್ತೇ ಬೇರೆ ಕಡೆ ಕಾಪಿ ಮಾಡಿ. ಅಕ್ಕಪಕ್ಕದ ಸಿಸಿಟಿವಿ ದೃಶ್ಯದ ಮೇಲೆ ಕೆಲವೇ ದಿನ ಅಥವಾ ವಾರಗಳಲ್ಲಿ ಹೊಸದು ದಾಖಲಾಗಿಬಿಡುತ್ತದೆ, ಅದನ್ನು ಉಳಿಸಿಡಲು ಬರವಣಿಗೆಯಲ್ಲಿ ಕೇಳಿ. ಈಗಿನ ಎಷ್ಟೋ ಕಾರುಗಳಲ್ಲಿ ಗುದ್ದುವ ಮೊದಲ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ಎಲ್ಲ ದಾಖಲಿಸುವ ಉಪಕರಣ ಇರುತ್ತದೆ. ಅದನ್ನು ತೆಗೆಸದೆ ಕಾರನ್ನು ಗುಜರಿಗೆ ಹಾಕಬೇಡಿ.

"ಬಂಪರ್‌ಗೆ ಗೀಚಿದ್ದಷ್ಟೇ, ಕುತ್ತಿಗೆಗೆ ಹೇಗೆ ಪೆಟ್ಟಾಗುತ್ತೆ?" ಇದು ವಿಮಾ ಕಂಪನಿಗಳ ಹಳೇ ವಾದ. ಪೂರ್ತಿ ಸುಳ್ಳೂ ಅಲ್ಲ. ವೇಗ ಕಡಿಮೆಯಿದ್ದಷ್ಟೂ ದೊಡ್ಡ ಪೆಟ್ಟಿನ ಸಾಧ್ಯತೆ ಕಡಿಮೆಯೇ. ಆದರೆ ಕಾರಿನ ಡೆಂಟು ನೋಡಿ ಕುತ್ತಿಗೆಯ ಪೆಟ್ಟು ಅಳೆಯಲು ಬರುವುದಿಲ್ಲ. ಗಟ್ಟಿ ಬಂಪರ್ ಜಜ್ಜಿಹೋಗದೇ ಇದ್ದಾಗ ಗುದ್ದಿನ ಪೆಟ್ಟು ಜಾಸ್ತಿ ಒಳಗಿರುವವರಿಗೇ ಮುಟ್ಟುತ್ತದೆ. ಗ್ಯಾರೇಜಿನವರು ಬಂಪರ್ ಬಿಚ್ಚಿದಾಗ ಒಳಗಿನ ಭಾಗ ಬಗ್ಗಿರುವುದು ಕಂಡರೆ ಅದರ ಫೋಟೋ, ಬಿಲ್ಲು ಎರಡನ್ನೂ ಇಟ್ಟುಕೊಳ್ಳಿ.

ದಿನದ ಟಿಪ್ಪಣಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಖರ್ಚಿಲ್ಲದೆ ಜಾಸ್ತಿ ಫಲ ಕೊಡುವುದು ಇದೇ. ಒಂದು ನೋಟ್‌ಬುಕ್, ದಿನಕ್ಕೆ ಎರಡು ಸಾಲು. "ಇವತ್ತು ತುಂಬಾ ನೋವು" ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. "ರಿವರ್ಸ್ ತೆಗೆಯುವಾಗ ಹಿಂದೆ ತಿರುಗಿ ನೋಡಲಾಗಲಿಲ್ಲ", "ಮಗುವನ್ನು ಎತ್ತಿಕೊಳ್ಳಲಾಗಲಿಲ್ಲ", "ಅರ್ಧ ಗಂಟೆ ಕಂಪ್ಯೂಟರ್ ನೋಡಿದ ಮೇಲೆ ತಲೆನೋವು, ರಜೆ ಹಾಕಿ ಬಂದೆ", ಹೀಗೆ ಬರೆಯಿರಿ. ನೋವು ಕಡಿಮೆಯಿದ್ದ ದಿನವನ್ನೂ ಬರೆಯಿರಿ. ಎಲ್ಲ ದಿನವೂ ಹತ್ತಕ್ಕೆ ಹತ್ತು ನೋವು ಅಂತಿದ್ದರೆ ಯಾರೂ ನಂಬುವುದಿಲ್ಲ, ಅಲ್ವಾ?

ಹಳೇ ಕುತ್ತಿಗೆ ನೋವು ಇದ್ದರೆ ಮುಚ್ಚಿಡಬೇಡಿ. ನಡುವಯಸ್ಸು ದಾಟಿದವರ ಸ್ಕ್ಯಾನಿನಲ್ಲಿ, ನೋವೇ ಇಲ್ಲದವರಲ್ಲೂ, ಡಿಸ್ಕ್ ಸವೆದಿರುವುದು ಕಾಣುವುದು ಮಾಮೂಲಿ. ವಿಮಾ ಕಂಪನಿ ಅದನ್ನೇ ಹಿಡಿದು "ಇದು ಮೊದಲೇ ಇತ್ತು" ಅನ್ನುತ್ತದೆ. ಮೊದಲು ಹೇಗಿತ್ತು, ಅಪಘಾತದ ನಂತರ ಎಷ್ಟು ಹೆಚ್ಚಾಯಿತು ಅಂತ ಡಾಕ್ಟರಿಂದ ಬರೆಸಿಕೊಂಡರೆ ಹೆಚ್ಚಾದ ಪಾಲಿಗೆ ಪರಿಹಾರ ಕೇಳಬಹುದು. ಮೊದಲೇ ದುರ್ಬಲವಾಗಿದ್ದ ದೇಹಕ್ಕೆ ಪೆಟ್ಟು ಕೊಟ್ಟವರು "ಇಷ್ಟು ದುರ್ಬಲ ಅಂತ ಗೊತ್ತಿರಲಿಲ್ಲ" ಅಂತ ಜಾರಿಕೊಳ್ಳುವಂತಿಲ್ಲ ಅನ್ನುವುದು ಇಂಗ್ಲಿಷ್ ಕಾನೂನಿನ ಹಾದಿಯಲ್ಲಿರುವ ದೇಶಗಳ ಹಳೇ ನಿಯಮ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ನಿಜವಾದ ನೋವಿನ ಮೇಲೂ ಅನುಮಾನ ಬರುತ್ತದೆ. ಇಂಗ್ಲೆಂಡಿನಲ್ಲಿ 2015ರ ಕಾನೂನಿನ ಪ್ರಕಾರ, ಮುಖ್ಯ ವಿಷಯದಲ್ಲೇ ಸುಳ್ಳು ಹೇಳಿದರೆ ಕೋರ್ಟು ಇಡೀ ಕ್ಲೇಮನ್ನೇ ತಳ್ಳಿಹಾಕಬಹುದು, ಅದರಲ್ಲಿ ನಿಜವಿದ್ದ ಭಾಗವನ್ನೂ ಸೇರಿಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲೂ ಹುಷಾರು. ಭಾರದ ಬ್ಯಾಗ್ ಹೊತ್ತು ನಗುತ್ತಿರುವ ಒಂದು ಫೋಟೋ ಸಾಕು. ಹಾಗಂತ ಹಳೆಯದನ್ನೆಲ್ಲ ಅಳಿಸಲೂ ಹೋಗಬೇಡಿ, ಅದು ಸಾಕ್ಷಿ ನಾಶದ ಹಾಗೆ ಕಾಣುತ್ತದೆ.

ಯಾರನ್ನು, ಎಷ್ಟರೊಳಗೆ, ಎಷ್ಟು ಕೇಳಬೇಕು

ಸಾಮಾನ್ಯವಾಗಿ ತಪ್ಪು ಮಾಡಿದವರ ವಿಮಾ ಕಂಪನಿಯನ್ನು ಕೇಳುವುದು. ಆದರೆ ಎಲ್ಲ ಕಡೆ ಹಾಗಿಲ್ಲ. ನ್ಯೂಜಿಲೆಂಡಿನಲ್ಲಿ 1974ರಿಂದ ತಪ್ಪು ಯಾರದೇ ಆಗಿರಲಿ ಸರ್ಕಾರಿ ಯೋಜನೆಯೇ ನೋಡಿಕೊಳ್ಳುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಮೊದಲು ನಿಮ್ಮದೇ ವಿಮೆಯಿಂದ ಚಿಕಿತ್ಸೆಯ ಖರ್ಚು ಬರುತ್ತದೆ. ಕೆಲಸದ ಮೇಲೆ ಹೋಗುವಾಗ ಆಗಿದ್ದರೆ ಕೆಲಸ ಕೊಟ್ಟ ಕಂಪನಿಯ ಕಡೆಯಿಂದಲೂ ಹಕ್ಕಿರಬಹುದು. ನೀವು ಬರೀ ಪಕ್ಕದಲ್ಲಿ ಕೂತಿದ್ದವರಾದರೆ ಸಾಮಾನ್ಯವಾಗಿ ತಪ್ಪು ನಿಮ್ಮ ಮೇಲೆ ಬರುವುದಿಲ್ಲ, ಓಡಿಸುತ್ತಿದ್ದವರದೇ ತಪ್ಪಿದ್ದರೆ, ಅವರು ಗೆಳೆಯರೇ ಆದರೂ, ಬಹಳ ಕಡೆ ಅವರ ವಿಮೆಯಿಂದ ಕೇಳಬಹುದು. ಬೆಲ್ಟ್ ಹಾಕಿರಲಿಲ್ಲವಾ? ಬಹಳ ಕಡೆ ಕಡಿತ ಇದೆ. ಇಂಗ್ಲೆಂಡಿನಲ್ಲಿ, ಬೆಲ್ಟ್ ಇದ್ದಿದ್ದರೆ ಪೆಟ್ಟೇ ಆಗುತ್ತಿರಲಿಲ್ಲ ಅಂತಾದರೆ ಶೇ. 25, ಕಡಿಮೆ ಆಗುತ್ತಿತ್ತು ಅಂತಾದರೆ ಶೇ. 15 ಕಡಿತ ಮಾಡುವುದು ರೂಢಿ.

ಗಡುವು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಮೋಟಾರು ಅಪಘಾತದ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಲು 6 ತಿಂಗಳು ಅಂತಿದೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೆಕ್ಕ. ಸರ್ಕಾರಿ ಗಾಡಿ ಗುದ್ದಿದ್ದರೆ ಕೆಲವು ಕಡೆ ಇನ್ನೂ ಮೊದಲೇ ನೋಟಿಸ್ ಕೊಡಬೇಕು. ನಿಮ್ಮ ಕಡೆಯ ಗಡುವು ಏನು ಅಂತ ಮೊದಲ ವಾರದಲ್ಲೇ ಕೇಳಿ, ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಕಂಪನಿಯ ಜೊತೆ ಪತ್ರ ವ್ಯವಹಾರ ನಡೆಯುತ್ತಿದೆ ಅಂದ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ.

ಲೆಕ್ಕ ಹಾಕುವಾಗ ಆಸ್ಪತ್ರೆ, ಔಷಧಿ, ಫಿಸಿಯೋ ಬಿಲ್ಲುಗಳ ಜೊತೆ ಓಡಾಟದ ಖರ್ಚು, ಹೋದ ಸಂಬಳ, ಇದಕ್ಕಾಗಿ ಹಾಕಿದ ಸಂಬಳದ ರಜೆ, ಮನೆಕೆಲಸಕ್ಕೆ ಇಟ್ಟುಕೊಂಡ ಸಹಾಯ, ಮುಂದೆ ಬೇಕಾಗುವ ಚಿಕಿತ್ಸೆ ಎಲ್ಲ ಸೇರಿಸಿ. ಸ್ವಂತ ಕೆಲಸ ಮಾಡುವವರು ತೆರಿಗೆ ಕಾಗದ ಮತ್ತು ತಪ್ಪಿಹೋದ ಆರ್ಡರ್‌ಗಳ ಮೆಸೇಜು ಇಟ್ಟುಕೊಳ್ಳಿ. ಇದರ ಮೇಲೆ ನೋವು, ಸಂಕಟಕ್ಕೆ ಬೇರೆ. ಪೆಟ್ಟು ಶಾಶ್ವತವಾಗಿ ಉಳಿದರೆ ಶೇಕಡಾವಾರು ಅಂಗವೈಕಲ್ಯದ ಸರ್ಟಿಫಿಕೇಟು ಬರುತ್ತದೆ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಭಾರತದ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ದೇಹದ ವೈಕಲ್ಯದ ಶೇಕಡಾವಾರೂ ದುಡಿಮೆಯ ನಷ್ಟದ ಶೇಕಡಾವಾರೂ ಒಂದೇ ಅಲ್ಲ. ಕುತ್ತಿಗೆ ಸ್ವಲ್ಪ ಕಡಿಮೆ ತಿರುಗಿದರೆ ಪಾಠ ಮಾಡುವವರಿಗೆ ಹೇಗೋ ನಡೆಯಬಹುದು, ಲಾರಿ ಓಡಿಸುವವರಿಗೆ ಕೆಲಸವೇ ಹೋಗಬಹುದು. ನಿಮ್ಮ ಕೆಲಸಕ್ಕೆ ಕುತ್ತಿಗೆ ಹೇಗೆ ಬೇಕು ಅಂತ ವಿವರಿಸಿ ಬರೆಯಿರಿ.

ವಿಮಾ ಕಂಪನಿ ಫೋನ್ ಮಾಡಿದಾಗ

ತುಂಬಾ ಮೃದುವಾಗಿ ಮಾತಾಡುತ್ತಾರೆ. "ಹೇಗಿದ್ದೀರಿ?" ಅಂದರೆ ಅಭ್ಯಾಸದಂತೆ "ಚೆನ್ನಾಗಿದ್ದೀನಿ" ಅನ್ನಬೇಡಿ, ಕರೆ ರೆಕಾರ್ಡ್ ಆಗುತ್ತಿರುತ್ತದೆ. "ಚಿಕಿತ್ಸೆ ನಡೀತಿದೆ" ಅನ್ನಿ ಸಾಕು. ವೇಗ, ದೂರ ಅಂದಾಜಿನಲ್ಲಿ ಹೇಳಬೇಡಿ. ಎದುರು ಪಾರ್ಟಿಯ ಕಂಪನಿಯಾದರೆ, ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕಳಿಸಿ ಅಂತ ಕೇಳಿ. ನಿಮ್ಮದೇ ಕಂಪನಿಯಾದರೆ ಪಾಲಿಸಿಯ ಪ್ರಕಾರ ಸಹಕರಿಸಲೇಬೇಕಾಗಬಹುದು, ಪಾಲಿಸಿ ಓದಿ. ಹುಟ್ಟಿದಾಗಿನಿಂದ ಇರುವ ಎಲ್ಲ ವೈದ್ಯಕೀಯ ದಾಖಲೆ ನೋಡಲು ಒಪ್ಪಿಗೆ ಪತ್ರ ಕಳಿಸಿದರೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಕುತ್ತಿಗೆ, ಬೆನ್ನು, ಭುಜಕ್ಕೆ ಸಂಬಂಧಪಟ್ಟ ದಾಖಲೆಗೆ ಮತ್ತು ಕೆಲವು ವರ್ಷಕ್ಕೆ ಮಾತ್ರ ಅಂತ ಮಿತಿ ಹಾಕಿ ಕೊಡಬಹುದು.

ಬೇಗ ಬರುವ ದುಡ್ಡಿನ ಮೇಲೆ ಸ್ವಲ್ಪ ಅನುಮಾನ ಇರಲಿ. ಎರಡನೇ ವಾರದಲ್ಲೇ ಚೆಕ್ ಬಂದರೆ ಅದರ ಜೊತೆ "ಇನ್ನು ಮುಂದೆ ಏನೂ ಕೇಳುವುದಿಲ್ಲ" ಅನ್ನುವ ಕಾಗದವೂ ಬಂದಿರುತ್ತದೆ. ವಿಪ್‌ಲ್ಯಾಶ್‌ನಲ್ಲಿ ಹೆಚ್ಚಿನ ಸುಧಾರಣೆ ಆಗುವುದು ಮೊದಲ ಮೂರು ತಿಂಗಳಲ್ಲಿ. ಅಲ್ಲಿಯವರೆಗೆ ನೋವು ಹೋಗುತ್ತಾ, ಉಳಿಯುತ್ತಾ ಅಂತ ನಿಮಗೂ ಗೊತ್ತಿರುವುದಿಲ್ಲ, ಅವರಿಗೂ ಇಲ್ಲ. ಇಂಗ್ಲೆಂಡಿನವರು 2018ರಲ್ಲಿ ಕಾನೂನನ್ನೇ ಮಾಡಿ, ವೈದ್ಯಕೀಯ ವರದಿ ಇಲ್ಲದೆ ವಿಪ್‌ಲ್ಯಾಶ್ ಕ್ಲೇಮನ್ನು ಇತ್ಯರ್ಥ ಮಾಡಕೂಡದು ಅಂದಿದ್ದಾರೆ. ನಿಮ್ಮ ದೇಶದಲ್ಲಿ ಅಂಥ ಕಾನೂನು ಇಲ್ಲದಿದ್ದರೂ ನೀವು ಅದೇ ನಿಯಮ ಇಟ್ಟುಕೊಳ್ಳಿ. ಗುಣವಾಗುವವರೆಗೆ, ಅಥವಾ ಇನ್ನು ಇಷ್ಟೇ ಅಂತ ಡಾಕ್ಟರು ಬರೆದುಕೊಡುವವರೆಗೆ ಕಾಯಿರಿ, ಗಡುವಿನ ಮೇಲೆ ಒಂದು ಕಣ್ಣಿಟ್ಟು.

ಕೇಳುವ ಪತ್ರ ಎರಡು ಪುಟ ಮೀರಬೇಕಾಗಿಲ್ಲ. ಅಪಘಾತ ಹೇಗಾಯಿತು, ತಪ್ಪು ಯಾಕೆ ಅವರದು, ಚಿಕಿತ್ಸೆ ದಿನಾಂಕದ ಪ್ರಕಾರ, ಈಗ ಏನು ಉಳಿದಿದೆ, ಪ್ರತಿ ಮೊತ್ತ ಮತ್ತು ಅದರ ಪಕ್ಕ ಬಿಲ್ಲಿನ ನಂಬರು, ಒಟ್ಟು ಎಷ್ಟು, ಉತ್ತರಕ್ಕೆ ಒಂದು ದಿನಾಂಕ. ಬೈಗುಳ ಬೇಡ. ಅವರು ಕಡಿಮೆ ಹೇಳಿದರೆ ಯಾವ ಲೆಕ್ಕದಲ್ಲಿ ಕಡಿಮೆ ಮಾಡಿದಿರಿ ಅಂತ ಬರವಣಿಗೆಯಲ್ಲಿ ಕೇಳಿ, ಆ ಒಂದೊಂದಕ್ಕೂ ಕಾಗದ ತೋರಿಸಿ ಉತ್ತರ ಕೊಡಿ.

ಎರಡು ವಾರದಲ್ಲಿ ವಾಸಿಯಾದ ನೋವಿಗೆ ವಕೀಲರು ಬೇಕಾಗುವುದು ಅಪರೂಪ. 3, 4ನೇ ದರ್ಜೆಯ ಪೆಟ್ಟು, ಆಪರೇಷನ್, ತಿಂಗಳಾದರೂ ಬಿಡದ ನೋವು, ತಪ್ಪು ಯಾರದು ಅನ್ನುವ ಜಗಳ, ಪೆಟ್ಟಾದವರು ಮಕ್ಕಳು, ಇಂಥ ಕಡೆ ವಕೀಲರಿಲ್ಲದೆ ಹೋಗಬೇಡಿ. ಫೀಸು ಮೊದಲೇ ಬರೆಸಿಕೊಳ್ಳಿ. ಅಮೆರಿಕದಲ್ಲಿ ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ತೆಗೆದುಕೊಳ್ಳುವುದು ಮಾಮೂಲಿ. ಭಾರತದಲ್ಲಿ ವಕೀಲರು ಹಾಗೆ ಪಾಲು ಕೇಳುವುದಕ್ಕೆ ವಕೀಲರ ಮೇಲ್ವಿಚಾರಣೆ ಮಾಡುವ ಬಾರ್ ಕೌನ್ಸಿಲ್‌ನ ನಿಯಮದಲ್ಲೇ ನಿಷೇಧ ಇದೆ.

ಕೊನೆಗೆ ಸಹಿ ಹಾಕುವ ಕಾಗದ ಬಂದಾಗ ಮೂರು ವಿಷಯ ನೋಡಿ. ಇದು ಬರೀ ಕಾರಿನ ರಿಪೇರಿಗೋ, ಕುತ್ತಿಗೆಯ ಪೆಟ್ಟಿಗೂ ಸೇರಿಯೋ? ಯಾರ್‍ಯಾರ ಮೇಲಿನ ಹಕ್ಕು ಬಿಟ್ಟುಕೊಡುತ್ತಿದ್ದೀರಿ? ಆಸ್ಪತ್ರೆ ಖರ್ಚು ಕೊಟ್ಟ ನಿಮ್ಮ ಆರೋಗ್ಯ ವಿಮೆ ಈ ದುಡ್ಡಿನಿಂದ ವಾಪಸ್ ಕೇಳುತ್ತದಾ? ಮೂರನೆಯದನ್ನು ಮರೆತರೆ ಬಂದ ದುಡ್ಡು ಖರ್ಚಾದ ಮೇಲೆ ಅವರ ಪತ್ರ ಬರುತ್ತದೆ. ಮೊದಲೇ ಕೇಳಿದರೆ ಮೊತ್ತ ಕಡಿಮೆ ಮಾಡಿಕೊಳ್ಳಲು ಒಪ್ಪುವುದೂ ಉಂಟು.